ಬಲೆಯಿಲ್ಲದ ಎರಡು ತಟ್ಟೆ

ವಿಜಯಪುರ,
12-2-2026, ಗುರುವಾರ

ಮುದ್ದಿನ ಸ್ನೇಹಾ,

ನೆಗಡಿ ಹೇಗಿದೆ? ತಣ್ಣೀರಲ್ಲೇ ತಲೆಗೆ ಸ್ನಾನ ಮಾಡಿ ಲ್ಯಾಬಿಗೆ ಓಡುತ್ತೀಯ ಅಂತ ಅಮ್ಮನಿಗೆ ಅನುಮಾನ. ಅಮ್ಮನ ಮಂಡಿನೋವು ಹಾಗೇ ಇದೆ, ಉಳಿದಂತೆ ಇಬ್ಬರೂ ಚೆನ್ನಾಗಿದ್ದೇವೆ. ಫೋನ್ ಇರುವಾಗ ಅಕ್ಕ ಕಾಗದ ಯಾಕೆ ಬರೆದಳು ಅಂತ ನಗಬೇಡ. ಫೋನಿನಲ್ಲಿ ನೀನು "ಅಕ್ಕಾ" ಅಂದ ತಕ್ಷಣ ನನ್ನ ಸಿಟ್ಟು ಇಳಿದುಬಿಡುತ್ತದೆ. ಈ ಸಲ ಇಳಿಯುವುದು ನನಗೆ ಬೇಡ. ಪಕ್ಕದ ಮನೆ ಕೊಂಡಪ್ಪಣ್ಣ ಶನಿವಾರ ಮೈಸೂರಿಗೆ ಮಗಳ ಮನೆಗೆ ಬರುತ್ತಿದ್ದಾರೆ. ಸೋಮವಾರ ನೀನು ಮೇಷ್ಟ್ರುಗಳ ಮುಂದೆ ವರದಿ ಓದುವ ಮೊದಲು ಇದು ನಿನ್ನ ಕೈ ಸೇರಬೇಕು.

ಹೇಳಿಬಿಡುತ್ತೇನೆ, ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು. ನಿನ್ನೆ ಮೊನ್ನೆಯದಲ್ಲ. ಪಿಯುಸಿಯಲ್ಲಿ ಬಯಾಲಜಿಗೆ ನನಗೆ ತೊಂಬತ್ತೆರಡು, ನಿನಗೆ ಎಂಬತ್ತೊಂದು. ಜಿರಲೆಯ ಜೀರ್ಣಾಂಗದ ಚಿತ್ರವನ್ನು ನೀನು ನನ್ನ ರೆಕಾರ್ಡ್ ಬುಕ್ ನೋಡಿಕೊಂಡೇ ಬರೆದದ್ದು. ಅಪ್ಪ ಹೋದ ಮೇಲೆ ರೇಷ್ಮೆ ಹುಳದ ಮನೆ ನನ್ನ ಪಾಲಿಗೆ ಬಂತು, ಕಾಲೇಜು ನಿನ್ನ ಪಾಲಿಗೆ. ಯಾರೂ ಬಲವಂತ ಮಾಡಲಿಲ್ಲ. "ಅವ್ಳು ಓದ್ಲಿ ಬಿಡಮ್ಮ" ಅಂದವಳು ನಾನೇ. ಅಂದ ಮಾತ್ರಕ್ಕೆ ಹೊಟ್ಟೆ ಉರಿಯಬಾರದು ಅಂತ ಎಲ್ಲಿದೆ? ಬಿಳಿ ಕೋಟು ಹಾಕಿಕೊಂಡು ಮೈಕ್ರೋಸ್ಕೋಪಿನ ಪಕ್ಕ ನಿಂತ ಫೋಟೊ ಕಳಿಸಿದೆಯಲ್ಲ, ಅಮ್ಮ ಅದನ್ನು ಹಾಲಿನವಳಿಗೂ ತೋರಿಸಿದಳು. ನಾನು ಸೊಪ್ಪು ಕತ್ತರಿಸುತ್ತಿದ್ದೆ, ತಲೆ ಎತ್ತಲಿಲ್ಲ. ಆಮೇಲೆ ಒಬ್ಬಳೇ ಇದ್ದಾಗ ಆ ಫೋಟೊ ದೊಡ್ಡದು ಮಾಡಿ, ಗಾಜಿನಡಿ ಏನಿಟ್ಟಿದ್ದೀಯ ಅಂತ ಹುಡುಕಿದೆ.

ಡಿಸೆಂಬರಿನಲ್ಲಿ ನೀನು ನಿನ್ನ ಮೇಡಂನ ಕರೆದುಕೊಂಡು ಬಂದೆ. ಊಜಿ ನೊಣ ಹುಳದ ಮೈಮೇಲೆ ಮೊಟ್ಟೆ ಇಡುತ್ತದೆ, ಅದರ ಮರಿ ಒಳಗೆ ಕೊರೆದ ಜಾಗದಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ ಅಂತ ಅವರು ನನಗೇ ಪಾಠ ಮಾಡಿದರು. ಅಪ್ಪನ ಕಾಲದಿಂದಲೂ, ಹದಿನಾಲ್ಕು ವರ್ಷದಿಂದ ಆ ಚುಕ್ಕೆ ನೋಡುತ್ತಿರುವ ನಾನು ತಲೆಯಾಡಿಸಿದೆ. ನಿನ್ನ ಪ್ರಯೋಗಕ್ಕೆ ನಾಲ್ಕು ತಟ್ಟೆ ಹುಳ ಬಿಟ್ಟುಕೊಟ್ಟೆ. ಎರಡಕ್ಕೆ ನೊಣ ತಡೆಯುವ ಬಲೆ, ಎರಡು ತೆರೆದೇ ಇರಬೇಕು. ಹುಳ ಗೂಡು ಕಟ್ಟುವವರೆಗೆ ದಿನಾ ಬೆಳಿಗ್ಗೆ ಚುಕ್ಕೆ ಬಿದ್ದವನ್ನು ಎಣಿಸಿ ನಿನಗೆ ಮೆಸೇಜ್ ಮಾಡುವುದು ನನ್ನ ಕೆಲಸ. ಹೊರಡುವಾಗ ನೀನು ಬಾಗಿಲಲ್ಲಿ ನಿಂತು ಹೇಳಿದ್ದೆ, "ಎಣ್ಸು ಅಷ್ಟೇ ಅಕ್ಕ. ಯಾವ ಹುಳನೂ ತೆಗೀಬೇಡ ಕಣೇ."

ಹೋದ ವಾರ ನೀನು ಕಳಿಸಿದ ವರದಿಯನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ನಿಘಂಟು ಪಕ್ಕದಲ್ಲಿಟ್ಟುಕೊಂಡು ಮೂರು ದಿನ ಓದಿದೆ. ಮೇಡಂ ಹೆಸರಿದೆ. ಲ್ಯಾಬಿನಲ್ಲಿ ಸೀಸೆ ತೊಳೆಯುವ ಹುಡುಗ ಗುರುವಿನ ಹೆಸರೂ ಇದೆ. ನಾನೆಲ್ಲಿ ಅಂತ ಹುಡುಕಿದರೆ, ಹನ್ನೊಂದನೇ ಪುಟದಲ್ಲಿ, 'ಸ್ಥಳೀಯ ಸಹಾಯಕಿಯೊಬ್ಬರು ಎಣಿಕೆ ಮಾಡಿದರು.' ಸಹಾಯಕಿಯೊಬ್ಬರು! ನಿನ್ನ ಹೇನು ಹೆಕ್ಕಿ ಜಡೆ ಹೆಣೆದವಳು ಸಹಾಯಕಿಯೊಬ್ಬರು. ಅದರ ಕೆಳಗೇ ಬರೆದಿದ್ದೀಯ, ಬಲೆ ಇದ್ದ ತಟ್ಟೆಗೂ ಇಲ್ಲದ್ದಕ್ಕೂ ವ್ಯತ್ಯಾಸ ಕಾಣಲಿಲ್ಲ, ಬೆಳೆಗಾರರಿಗೆ ಬಲೆ ಬೇಕಿಲ್ಲದಿರಬಹುದು ಅಂತ. ನೀನು ಫೋನಿನಲ್ಲಿ ಹೇಳಿದೆಯಂತೆ, ಅಮ್ಮ ಇದನ್ನು ಕೊಂಡಪ್ಪಣ್ಣನಿಗೆ ಹೇಳಿಯೂ ಆಗಿದೆ. "ನಮ್ ಸ್ನೇಹ ಹೇಳವ್ಳೆ ಅಂದ್ರೆ ಸರಿಯಾಗೇ ಇರ್ತದೆ" ಅಂತ ಅವರು ತಮ್ಮ ಹುಳದ ಮನೆಯ ಬಲೆ ಬಿಚ್ಚಿ ಮಡಿಸಿಟ್ಟಿದ್ದಾರೆ. ನಾನು ಅಲ್ಲೇ ಇದ್ದೆ, ನೋಡುತ್ತಾ ನಿಂತೆ.

ಹುಣಸೆ ತೊಕ್ಕು ಕಳಿಸಿದ್ದೇನೆ, ಗೆಳತಿಯರಿಗೆ ಹಂಚಿ ನೀನು ಬರೀ ಡಬ್ಬಿ ನೆಕ್ಕಬೇಡ. ಡಬ್ಬಿ ವಾಪಸ್ ಬರಬೇಕು. ನಿನ್ನ ಫೋಟೊಗೆ ಅಮ್ಮ ಮೊನ್ನೆ ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು. ಯಾರ ದೃಷ್ಟಿ ಅಂತ ಅವಳಿಗೆ ಗೊತ್ತಿಲ್ಲ. ನಿನಗೆ ಒಳ್ಳೆಯದಾಗಲಿ. ಇದನ್ನು ಹಲ್ಲು ಕಚ್ಚಿಕೊಂಡು ಬರೆದಿದ್ದರೂ ಮನಸಾರೆ ಬರೆದಿದ್ದೇನೆ.

ಕೋಪವಿದ್ದರೂ ನಿನ್ನವಳೇ ಆದ ಅಕ್ಕ,
ವಾಣಿ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ತೆರೆದ ತಟ್ಟೆಗಳ ಹುಳ ನಾನು ತೆಗೆದಿದ್ದೇನೆ. ಮೊದಲ ದಿನ ಬೇಕೆಂದಲ್ಲ. ಸೊಪ್ಪು ಹಾಕುವಾಗ ಚುಕ್ಕೆ ಕಂಡರೆ ಆರಿಸಿ ಸೋಪುನೀರಿನ ಬಕೆಟ್ಟಿಗೆ ಹಾಕುವುದು ಕೈಗೆ ರೂಢಿ, ನಾನು ಎಣಿಸಲು ಕೂರುವ ಮೊದಲೇ ಕೈ ತನ್ನ ಕೆಲಸ ಮುಗಿಸಿತ್ತು. ಗೊತ್ತಾದ ಕೂಡಲೇ ಹೇಳಬಹುದಿತ್ತು. ಒಂದು ಸಲ ನಿನ್ನದೂ ತಪ್ಪಲಿ ಅಂತ ಎರಡನೇ ದಿನದಿಂದ ಬೇಕೆಂದೇ ತೆಗೆದು, ಉಳಿದವನ್ನಷ್ಟೇ ಎಣಿಸಿ ನಿನಗೆ ಕಳಿಸಿದೆ. ಆದರೆ ತೆಗೆದವನ್ನು ಎಣಿಸದೇ ಇರಲು ನನ್ನಿಂದ ಆಗಲಿಲ್ಲ ಕಣೇ. ದಿನ ದಿನದ್ದೂ ಬರೆದ ಹಾಳೆ ಜೊತೆಗಿದೆ. ಎಲ್ಲ ಸೇರಿಸಿದರೆ ಬಲೆಯೊಳಗೆ ಒಂಬತ್ತು, ತೆರೆದದ್ದರಲ್ಲಿ ನೂರ ಹದಿನೇಳು. ಬಲೆ ಬೇಕೇ ಬೇಕು. ಕೊಂಡಪ್ಪಣ್ಣನಿಗೆ ಇವತ್ತೇ ನಿಜ ಹೇಳಿ ಬಲೆ ಕಟ್ಟಿಸುತ್ತೇನೆ. ಸೋಮವಾರ ತಪ್ಪು ಯಾರಿಂದ ಆಯಿತು ಅಂತ ಮೇಡಂ ಕೇಳಿದರೆ ಸಹಾಯಕಿಯೊಬ್ಬರು ಅನ್ನಬೇಡ. ನನ್ನ ಹೆಸರು ಹೇಳು.