ಹಳೆಯ ದಂಡೆಯ ಮೂವತ್ತೊಂದು ಸಮಾಧಿಗಳು

ವೇನ್‌ಫೋರ್ಡ್, ಅಯೋವಾ
೧೪ ಜೂನ್ ೧೯೭೬

ಪ್ರೀತಿಯ ಲಿಯೋಟಾ,

ನೀನೂ ಮಕ್ಕಳೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಈಸ್ಟರ್ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈದುಕೋಬೇಡ. ಎರಡು ಸಲ ಬರೆಯಲು ಕೂತು ಎರಡು ಸಲವೂ ಹರಿದು ಹಾಕಿದೆ. ಅಷ್ಟು ಸಿಟ್ಟಿತ್ತು.

ಇಲ್ಲಿ ಮೆಕ್ಕೆಜೋಳ ಮೊಣಕಾಲೆತ್ತರ ಬಂದಿದೆ. ದೇಶಕ್ಕೆ ಇನ್ನೂರು ವರ್ಷ ತುಂಬುತ್ತದೆಂದು ಕೌಂಟಿಯ ಇತಿಹಾಸ ಅಚ್ಚಾಗುತ್ತಿದೆಯಲ್ಲ, ಅದರಲ್ಲಿ ನಮ್ಮ ಪೂರ್ವ ಭಾಗದ ಅಧ್ಯಾಯ, ನಕ್ಷೆ ಎರಡೂ ನನ್ನ ಪಾಲಿಗೆ ಬಂದಿದ್ದವು. ಹೊಳೆ ಹಿಂದೆ ಹೇಗೆ ಸುತ್ತಿ ಬಳಸಿ ಹರಿಯುತ್ತಿತ್ತು, ಜೌಗು ಬಸಿಯಲೆಂದು ಅದನ್ನು ಯಾವ ವರ್ಷ ನೆಟ್ಟಗೆ ಕಾಲುವೆ ತೋಡಿ ತಿರುಗಿಸಿದರು, ಎಲ್ಲ ಬರೆದೆ. ಹಳೆಯ ದಂಡೆಯಲ್ಲಿ ಕೌಂಟಿಯವರು ನಡೆಸುತ್ತಿದ್ದ ದಿಕ್ಕಿಲ್ಲದವರ ಆಶ್ರಮದ ಬಗ್ಗೆಯೂ ಬರೆದೆ. ಅಲ್ಲಿ ಸತ್ತವರ ಕಲ್ಲಿನ ಮೇಲೆ ಹೆಸರಿರಲಿಲ್ಲ, ಬರೀ ಸಂಖ್ಯೆ. ಒಟ್ಟು ಮೂವತ್ತೊಂದು. ಚಳಿಗಾಲವಿಡೀ ಕೋರ್ಟಿನ ನೆಲಮಾಳಿಗೆಯಲ್ಲಿ ಕೂತು ಹಳೆಯ ದಾಖಲೆಗಳಲ್ಲಿ ಒಂದೊಂದಕ್ಕೂ ಹೆಸರು ಹುಡುಕಿದೆ.

ಅಚ್ಚಿನ ಕರಡು ಬಂತು. ನೋಡಿದರೆ ಆಶ್ರಮವೇ ಇಲ್ಲ! ಆ ಜಾಗದಲ್ಲಿ ಹಾವರ್‌ಕ್ಯಾಂಪ್ ಮನೆಯವರ ಬಹುಮಾನ ಗೆದ್ದ ಹಂದಿಯ ಫೋಟೋ.

ಪುಸ್ತಕದ ಸಮಿತಿಯ ಅಧ್ಯಕ್ಷ ಮರ್ಲ್ ಹಾವರ್‌ಕ್ಯಾಂಪ್, ನನ್ನ ಹತ್ತಿರವೇ ಮಗ್ಗಿ ಕಲಿತವನು. ಆಶ್ರಮ ಮುಚ್ಚಿದ ಮೇಲೆ ಆ ಜಮೀನು ಕೊಂಡು, ಕಲ್ಲುಗಳನ್ನು ಕಿತ್ತು ಮೋರಿಗೆ ಹಾಕಿಸಿ, ಜೋಳ ಬಿತ್ತಿದವನು ಅವನಪ್ಪ. ಚರ್ಚಿನಲ್ಲಿ ಸಭೆಯಿತ್ತು. ಎಲ್ಲರ ಮುಂದೆಯೇ ಕೇಳಿದೆ.

"ಟೀಚರ್, ಇದು ಜನ ಮೊಮ್ಮಕ್ಕಳಿಗೆ ಕೊಡೋ ಪುಸ್ತಕ," ಎಂದ. "ಯಾರಿಗೆ ಬೇಕು ಆ ಗೋಳು?"

"ನಿಮ್ಮಪ್ಪ ಹೆಣಗಳ ಮೇಲೆ ನೇಗಿಲು ಹೊಡೆದ್ನಲ್ಲ, ಅದು ಮೊಮ್ಮಕ್ಕಳಿಗೆ ಗೊತ್ತಾಗಬಾರ್ದು ಅಂತಾನಾ?"

ಕಾಫಿ ಬಗ್ಗಿಸುತ್ತಿದ್ದ ಪಾದ್ರಿಯ ಹೆಂಡತಿ ಹಾಗೇ ನಿಂತುಬಿಟ್ಟಳು. ಮರ್ಲ್ ಕೆಂಪಗಾದ.

"ಅಪ್ಪನ ಸುದ್ದಿ ಬೇಡ. ಸತ್ತೋರ ಮನೆಯವರೇ ತೆಗೀರಿ ಅಂತ ಬರ್ದಿದಾರೆ."

"ಯಾರು? ತೋರ್ಸು."

ಕಾಗದ ತೋರಿಸಿದ. ಓದಿ, ಮಡಚಿ, ಅವನ ಕೈಗೇ ಕೊಟ್ಟೆ. ಮೇಜಿನ ಮೇಲಿದ್ದ ನನ್ನ ನಕ್ಷೆಯನ್ನು ಸುತ್ತಿಕೊಂಡು ಎದ್ದೆ.

"ನಕ್ಷೆ ಇಲ್ದೆ ಪುಸ್ತಕ ಹೆಂಗೆ, ಟೀಚರ್?"

"ಹಂದಿ ಇದೆಯಲ್ಲ, ಅದನ್ನೇ ದಾರಿ ಕೇಳು," ಎಂದೆ.

ಮರುದಿನ ನಕ್ಷೆಯನ್ನು ಲೈಬ್ರರಿಯ ಗೋಡೆಗೆ ಹಾಕಿಸಿದೆ, ಮೂವತ್ತೊಂದು ಹೆಸರುಗಳ ಸಮೇತ. ಜನ ನಿಂತು ಓದುತ್ತಿದ್ದಾರೆ.

ನಿನ್ನ ಮೊಣಕಾಲು ನೋವು ವಾಸಿಯಾಗಲಿ. ದೇವರು ನಿನ್ನನ್ನೂ ಮಕ್ಕಳನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಆರ್ಫಾ

ತಾ.ಕ.: ಮರ್ಲ್ ತೋರಿಸಿದ ಕಾಗದ ನಿನ್ನದು. ನಿನ್ನ ಅಕ್ಷರ ತಿದ್ದಿಸಿದವಳು ನಾನು, ನನಗೆ ಗುರುತು ಸಿಗದೇ? ಮಗು ಸತ್ತ ಮೇಲೆ ಮಾತು ನಿಲ್ಲಿಸಿದ ಅಮ್ಮನನ್ನು ಅಪ್ಪ ಆಶ್ರಮಕ್ಕೆ ಒಪ್ಪಿಸಿದ್ದು, ಹತ್ತೊಂಬತ್ತನೇ ಕಲ್ಲು ಅವಳದೆಂದು ಸಿಕ್ಕಿದ್ದು, ಎಲ್ಲವನ್ನೂ ನಿನ್ನೊಬ್ಬಳಿಗೇ ಬರೆದಿದ್ದೆ. ನೀನೋ, ಅಪ್ಪ ಊರಿಗೆ ಹೇಳಿದ ಸುಳ್ಳನ್ನೇ ಮರ್ಲ್‌ಗೆ ಬರೆದೆ: ಅಮ್ಮ ಮಿನೆಸೋಟದಲ್ಲಿ ಜ್ವರದಿಂದ ತೀರಿಕೊಂಡರು. ಅದರ ಮೇಲೆ ನಿನ್ನದೂ ಒಂದು ಸೇರಿಸಿದೆ: ಅಕ್ಕನಿಗೆ ವಯಸ್ಸಾಗಿ ನೆನಪು ಕೈಕೊಡುತ್ತಿದೆ. ಲೈಬ್ರರಿಯಲ್ಲಿ ಅವಳ ಹೆಸರೂ ಇದೆ, ಬಂದು ನೋಡು. ನನಗೆ ಎಲ್ಲ ನೆನಪಿದೆ. ಕೌಂಟಿಯ ಗಾಡಿ ಬಂದ ದಿನ ಅಮ್ಮ ಕೆಳಗೆ ಕೂತು ನಿನ್ನ ಬೂಟಿನ ದಾರ ಕಟ್ಟಿ, ಎದ್ದು ಹೋದಳು. ಅವಳು ಹಾಕಿದ ಗಂಟನ್ನು ಯಾರೂ ಬಿಚ್ಚಕೂಡದೆಂದು ನೀನು ಮೂರು ದಿನ ಬೂಟು ಹಾಕಿಕೊಂಡೇ ಮಲಗಿದೆ.