ಸಹಿ ಹಾಕದ ಸುತ್ತೋಲೆ

ಮಾರ್ಚ್ ೧೪, ಗುರುವಾರ

ಆ ಸುತ್ತೋಲೆಗೆ ನಾನು ಸಹಿ ಹಾಕಲಿಲ್ಲ. ಹಾಕುವುದೂ ಇಲ್ಲ.

ಬೆಳಿಗ್ಗೆ ಮಕ್ಕಳ ವಾರ್ಡಿನ ಡಾಕ್ಟರಮ್ಮ ಓಡುತ್ತಲೇ ನಾನು ನೋಡಿಕೊಳ್ಳುವ ಆಸ್ಪತ್ರೆಯ ಗ್ರಂಥಾಲಯಕ್ಕೆ ಬಂದರು. ನಾಲ್ಕು ವರ್ಷದ ಹುಡುಗಿ, ಅಪರೂಪದ ಕಾಯಿಲೆ. ಔಷಧಿಯ ಪ್ರಮಾಣ ಇದ್ದದ್ದು ಒಂದೇ ಒಂದು ಲೇಖನದಲ್ಲಿ. ಅದನ್ನು ತರಿಸಲು ಪ್ರಕಾಶಕರಿಗೆ ಹಕ್ಕುಸ್ವಾಮ್ಯದ ಶುಲ್ಕ ಕಟ್ಟಬೇಕು. ಇನ್ನು ಮುಂದೆ ಯಾವ ಲೇಖನಕ್ಕೂ ಶುಲ್ಕ ಕಟ್ಟುವುದಿಲ್ಲವೆಂದು ಆಡಳಿತಾಧಿಕಾರಿ ನಿನ್ನೆಯೇ ಸುತ್ತೋಲೆ ಹೊರಡಿಸಿದ್ದಾರೆ.

ಕೇಳಲು ಹೋದರೆ ನಕ್ಕರು. "ಎಲ್ಲಿಂದಾದ್ರೂ ಕದ್ದು ಇಳಿಸ್ಕೊಳ್ಳಿ ಮೇಡಂ, ಯಾರ್ ನೋಡ್ತಾರೆ?"

"ಸಿಕ್ಕಿಬಿದ್ರೆ ಹೆಸರು ನಂದು, ಉಳಿತಾಯ ನಿಮ್ದು. ಅಲ್ವಾ ಸಾರ್?" ಎಂದೆ.

ಲೇಖನ ಬರೆದ ಪ್ರಾಧ್ಯಾಪಕರಿಗೇ ಮೇಲ್ ಕಳಿಸಿದೆ. ಮಧ್ಯಾಹ್ನದೊಳಗೆ ಅವರು, ಹಂಚುವ ಹಕ್ಕು ತಮಗಿದೆ ಎಂದು ಬರೆದು, ತಮ್ಮ ಹಸ್ತಪ್ರತಿಯನ್ನೇ ಕಳಿಸಿದರು. ಡಾಕ್ಟರಮ್ಮ ನಿಂತಲ್ಲೇ ಓದಿ, ಕೊಡಬೇಕೆಂದಿದ್ದ ಪ್ರಮಾಣವನ್ನು ಅರ್ಧಕ್ಕಿಳಿಸಿದರು. ಅರ್ಧಕ್ಕೆ! ಸಂಜೆ ಹುಡುಗಿ ಎದ್ದು ಕೂತಳಂತೆ.

ಅಧಿಕಾರಿಗೆ ಸುದ್ದಿ ಮುಟ್ಟಿತು. "ನೋಡಿದ್ರಾ, ಪುಕ್ಕಟೆ ಸಿಕ್ತಲ್ಲ! ಈಗ ಸಹಿ ಹಾಕಿ."

ಮೈ ಉರಿಯಿತು. "ಇವತ್ತು ಆ ಪುಣ್ಯಾತ್ಮರು ಮೇಲ್ ನೋಡಿದ್ರು. ನೋಡದೆ ಇದ್ದಿದ್ರೆ, ಆ ಮಗುವಿನ ತಾಯಿಗೆ ನೀವು ಈ ಸುತ್ತೋಲೆ ಓದಿ ಹೇಳ್ತಿದ್ರಾ?" ಎಂದು ಕೇಳಿ, ಅದೇ ಮಾತನ್ನು ಸಹಿಯ ಜಾಗದಲ್ಲಿ ಬರೆದುಕೊಟ್ಟೆ.

ನಾಳೆ ಹತ್ತಕ್ಕೆ ನಿರ್ದೇಶಕರ ಕೋಣೆಗೆ ಬರಬೇಕಂತೆ. "ನಿನಗ್ಯಾಕೆ ಊರ ಉಸಾಬರಿ?" ಎಂದು ಅಕ್ಕ ಫೋನಿನಲ್ಲಿ ಬೈದಳು. ಉಸಾಬರಿಯಲ್ಲ ಅಕ್ಕ, ಇದೇ ನನ್ನ ಕೆಲಸ. ಕಣ್ಣು ಎಳೆಯುತ್ತಿದೆ. ಏನು ಬೇಕಾದರೂ ಕೇಳಲಿ. ನಾನು ಮಾತ್ರ ಹೆದರಿ ಕುರ್ಚಿಯ ತುದಿಯಲ್ಲಿ ಕೂರುವವಳಲ್ಲ.