ವಿಷಲ್ ಹೊಡೆಯೋಕೆ ಜಾಗ

ಮಾರ್ಚ್ ೫, ಬುಧವಾರ. ಬೆಳಿಗ್ಗೆ ೯.೪೦

ಲೆನ್ಸ್ ಒರೆಸಿದ್ದಾಯಿತು. ಪ್ರೊಜೆಕ್ಟರ್ ರೂಮಿನ ಫ್ಯಾನ್ ಮತ್ತೆ ಕಿರುಗುಟ್ಟುತ್ತಿದೆ, ಎಣ್ಣೆ ಬಿಡಬೇಕು. ಜಿ ಸಾಲಿನ ನಾಲ್ಕನೇ ಕುರ್ಚಿಯ ಸ್ಪ್ರಿಂಗ್ ಹೋಗಿದೆ. ಕೂತವರು ಎದ್ದರೂ ಅದು ಏಳುವುದಿಲ್ಲ. ಬಲಗಡೆಯ ಕೊನೇ ಹಲ್ಲು ಸುಮ್ಮನಿರುತ್ತಿಲ್ಲ — ಲವಂಗ ಒತ್ತಿಕೊಂಡು ಬರೆಯುತ್ತಿದ್ದೇನೆ.

ನಾಡಿದ್ದು ಶುಕ್ರವಾರದ ಸಿನಿಮಾ ನಾನು ಆರಿಸಿದ್ದು. ಬರೆಯುವುದಕ್ಕೇ ಖುಷಿ. ಇನ್ನೊಮ್ಮೆ ಬರೆಯುತ್ತೇನೆ: ನಾನು ಆರಿಸಿದ್ದು.

ಮೂವತ್ತೊಂದು ವರ್ಷ ಅಪ್ಪನೇ ಆರಿಸಿದರು. ಅಪ್ಪನ ಕೆಲಸ ಗೇಟಿನಲ್ಲಿ ಟಿಕೆಟ್ ಹರಿಯುವುದು, ಅಷ್ಟೇ. ಆದರೆ ಥಿಯೇಟರ್ ಯಜಮಾನರು ಪ್ರತಿ ಸೋಮವಾರ ಫೋನ್ ಮಾಡಿ "ಈ ವಾರ ಯಾವುದು ಹಾಕೋಣ?" ಎಂದು ಕೇಳುವುದು ಅವರನ್ನೇ. ಹೋದ ವಾರ ಅಪ್ಪನಿಗೆ ಕಣ್ಣಿನ ಪೊರೆ ತೆಗೆದರು. ಈಗ ಕಪ್ಪು ಕನ್ನಡಕ, ಟ್ರೈಲರ್ ನೋಡುವ ಹಾಗಿಲ್ಲ. ಫೋನ್ ಬಂದಾಗ "ಈ ಸಲ ದೊಡ್ಡವಳು ಹೇಳ್ತಾಳೆ" ಎಂದು ನನ್ನ ಕೈಗೆ ಕೊಟ್ಟುಬಿಟ್ಟರು. ನಾನು 'ಹೊತ್ತವಳು' ಎಂದೆ.

"ಸೂಪರ್‌ಹೀರೋ ಸಿನಿಮಾ ತಾನೇ?"

"ಹೌದು ಸರ್."

"ಹಾಗಾದ್ರೆ ಹಾಕಮ್ಮಾ."

ಹೌದು ಎಂದಿದ್ದು ಸುಳ್ಳಲ್ಲ. ಉಳಿದದ್ದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಮಾರ್ಚ್ ೭, ಶುಕ್ರವಾರ. ಮಧ್ಯಾಹ್ನ ೧.೩೦

ಮೊದಲ ಶೋ ಮುಗಿಯಿತು. ಹೌಸ್‌ಫುಲ್ ಆಗಿತ್ತು. "ಆಗಿತ್ತು" ಎನ್ನುವ ಮಾತಿನ ಮೇಲೆ ಗಮನವಿರಲಿ.

ಪೋಸ್ಟರಿನಲ್ಲಿ ಒಬ್ಬ ಹೆಂಗಸು, ಹಿಂದೆ ಗಾಳಿಗೆ ಹಾರುವ ಬಿಳೀ ಬಟ್ಟೆ. ಅದು ಸೂಪರ್‌ಹೀರೋಗಳು ಬೆನ್ನಿಗೆ ಕಟ್ಟಿಕೊಳ್ಳುವ ಬಟ್ಟೆ ಅಂತ ಮಕ್ಕಳೆಲ್ಲ ನಂಬಿ ಬಂದಿದ್ದಾರೆ. ಸಿನಿಮಾ ಶುರುವಾಗಿ ಹತ್ತು ನಿಮಿಷಕ್ಕೆ ಗೊತ್ತಾಗುತ್ತದೆ, ಅದು ಬೆಡ್‌ಶೀಟು. ಆಕೆ ಆಸ್ಪತ್ರೆಯ ಬಟ್ಟೆ ಒಗೆಯುವವಳು. ವಯಸ್ಸು ಐವತ್ತು, ಮಂಡಿನೋವು. ಎಷ್ಟು ಭಾರ ಬೇಕಾದರೂ ಹೊರಬಲ್ಲಳು, ಆದರೆ ಹಾರುವುದಿಲ್ಲ, ಓಡುವುದಿಲ್ಲ, ಯಾರಿಗೂ ಒಂದೇಟು ಹೊಡೆಯುವುದಿಲ್ಲ. ಊರಿನ ಸೇತುವೆಗಳನ್ನೆಲ್ಲ ಬೀಳಿಸಲು ಹೊರಟ ಇಂಜಿನಿಯರ್ ಒಬ್ಬ ವಿಲನ್. ಅವನಿಗೂ ಹೊಡೆಯುವುದಿಲ್ಲ.

ಒಟ್ಟು ಒಂದು ಗಂಟೆ ಐವತ್ತೆರಡು ನಿಮಿಷ. ಮಾಡಿದವರು ಇಂಟರ್ವಲ್ ಇಟ್ಟಿಲ್ಲ. ಎಲ್ಲಿ ಬಿಡಬೇಕೆನ್ನುವುದು ಆಪರೇಟರ್‌ಗೆ ಸೇರಿದ್ದು, ಅಂದರೆ ನನಗೆ. ಸರಿಯಾಗಿ ಅರ್ಧಕ್ಕೆ, ಐವತ್ತಾರನೇ ನಿಮಿಷಕ್ಕೆ ಬಿಟ್ಟೆ. ಆಗ ಪರದೆಯ ಮೇಲೆ ಆಕೆ ಬೆಡ್‌ಶೀಟ್ ಮಡಚುತ್ತಿದ್ದಳು. ಜನವೂ ತಮ್ಮ ಪಾಡಿಗೆ ಎದ್ದು ಮನೆಯ ದಾರಿ ಹಿಡಿದರು.

ನಮ್ಮ ಕುರ್ಚಿಗಳು ಹಳೆಯವು. ಎದ್ದ ಕೂಡಲೇ ಸೀಟು ದಡ್ ಎಂದು ಮೇಲೆ ಹೊಡೆಯುತ್ತದೆ. ಅಪ್ಪ ಗೇಟಿನ ಹತ್ತಿರ ಕಪ್ಪು ಕನ್ನಡಕ ಹಾಕಿಕೊಂಡು ಎಲ್ಲಾ ಕೇಳಿಸಿಕೊಂಡರು. "ಎದ್ದ ಸದ್ದು ಕೇಳ್ತು ಮಗಾ. ಕೂತ ಸದ್ದು ಅಷ್ಟು ಕೇಳ್ಲಿಲ್ಲ" ಎಂದರು.

ಡ್ರಿಲ್ ಮೇಷ್ಟ್ರು ಹೊರಗೆ ಕಾಯುತ್ತಿದ್ದರು. ಹೈಸ್ಕೂಲಿನಲ್ಲಿ ಆಟ ಕಲಿಸುವವರು. ಅಲ್ಲಿ ಕೊರಳಿನ ಪೀಪಿ, ಇಲ್ಲಿ ಮುಂದಿನ ಸಾಲಿನಲ್ಲಿ ಬಾಯಿಗೆ ಎರಡು ಬೆರಳು. ಇಪ್ಪತ್ತು ವರ್ಷದಿಂದ ಒಂದೂ ಮೊದಲ ಶೋ ತಪ್ಪಿಸಿದವರಲ್ಲ. ಇವತ್ತು ರಜೆ ಹಾಕಿ ಬಂದಿದ್ದರಂತೆ.

"ಆಪರೇಟರಮ್ಮಾ, ನಾನು ಜಗಳಕ್ಕೆ ಬಂದಿಲ್ಲ. ಒಂದೇ ಪ್ರಶ್ನೆ. ಇದ್ರಲ್ಲಿ ವಿಷಲ್ ಹೊಡೆಯೋಕೆ ಜಾಗ ಎಲ್ಲಿದೆ?"

"ಕೊನೆಗಿದೆ ಮೇಷ್ಟ್ರೇ, ನೀವು ಕೂರ್ಲಿಲ್ಲ."

"ಕೊನೇ ತನಕ ಬಾಯಲ್ಲಿ ಬೆರಳಿಟ್ಕೊಂಡು ಕೂರೋಕಾಗುತ್ತಾ?"

ಮೆಟ್ಟಿಲು ಹತ್ತಿ ಬಂದು ಮುಂದಿನ ಶೋಗೆ ಲೆನ್ಸ್ ಒರೆಸಿದೆ.

ಮಾರ್ಚ್ ೮, ಶನಿವಾರ. ಸಂಜೆ ೫

ಇಂಟರ್ವಲ್‌ನಲ್ಲಿ ನನಗೆ ಟೀ ಬರಲಿಲ್ಲ. ಕ್ಯಾಂಟೀನ್ ನಡೆಸುವುದು ತಂಗಿ. ದಿನಾ ಮೆಟ್ಟಿಲು ಹತ್ತಿ ಬಂದು ಕೊಡುತ್ತಾಳೆ. ಟೀ ಬರಲಿಲ್ಲವೆಂದರೆ ಮಾತು ಬಿಟ್ಟಿದ್ದಾಳೆ ಎಂದರ್ಥ.

ಕಾರಣ ಬೆಳಗಿನ ತಿಂಡಿ ಹೊತ್ತಿನ ರಾಮಾಯಣ. "ಒಂದೇ ಒಂದು ಗುದ್ದು ಇದ್ದಿದ್ರೆ ಸಾಕಿತ್ತು ಅಕ್ಕ. ಕೊನೇಲಾದ್ರೂ ಆ ಇಂಜಿನಿಯರ್ ಮೂತಿಗೆ ಒಂದು" ಎಂದಳು. ಗುದ್ದಿದರೆ ಆ ಸಿನಿಮಾನೇ ಸತ್ತುಹೋಗುತ್ತದೆ ಎಂದೆ. ಈಗೇನು ಬದುಕಿದೆಯಾ ಎಂದಳು. ಜನಕ್ಕೆ ಬುದ್ಧಿ ಇದೆ, ಹೊಸದನ್ನ ಕೊಟ್ಟರೆ ನೋಡುತ್ತಾರೆ ಎಂದೆ.

"ಬುದ್ಧಿ ಇರೋದ್ಕೇ ಎದ್ದು ಹೋದ್ರು."

"ನೀನು ಪೂರ್ತಿ ನೋಡಿದ್ದೀಯೇನೇ? ನೋಡದೆ ಹೇಗೆ ಬೈತೀಯ?"

"ಆಚೆ ಬರೋರ ಮುಖ ನೋಡಿದ್ದೀನಿ. ಸಾಕು."

ಅಪ್ಪ ಕಪ್ಪು ಕನ್ನಡಕದ ಹಿಂದೆ ನಿದ್ದೆ ಬಂದವರ ಹಾಗೆ ಕೂತಿದ್ದರು. ಬಂದಿರಲಿಲ್ಲ. ಹೊಟ್ಟೆ ಕುಲುಕುತ್ತಿತ್ತು.

ಮಾರ್ಚ್ ೧೦, ಸೋಮವಾರ. ಬೆಳಿಗ್ಗೆ ೧೦.೧೫

ನಿನ್ನೆ ಬರೆಯಲಿಲ್ಲ. ಭಾನುವಾರದ ಮ್ಯಾಟಿನಿಗೆ ಬಾಲ್ಕನಿಯಲ್ಲಿ ಮೂರೇ ಜನ. ಒಬ್ಬರದು ಗೊರಕೆ.

ಯಜಮಾನರ ಫೋನ್ ಬಂತು. ಈ ಸೋಮವಾರ ಅವರು ಏನೂ ಕೇಳಲಿಲ್ಲ, ಹೇಳಿದರು ಅಷ್ಟೇ. "ಗುರುವಾರದ ತನಕ ನೋಡೋಣ. ಜನ ಬರ್ಲಿಲ್ಲ ಅಂದ್ರೆ ಶುಕ್ರವಾರಕ್ಕೆ ನಾನೇ ಏನಾದ್ರೂ ತರಿಸ್ತೀನಿ. ಇನ್ಮುಂದೆ ಆರಿಸೋ ತಲೆನೋವು ನಿಮಗೆ ಬೇಡ ಬಿಡಿ."

ನಿಮಗೆ ಅಂದರೆ ನಮ್ಮ ಮನೆಗೆ. ಅಪ್ಪ ಮೂವತ್ತೊಂದು ವರ್ಷ ಜೋಪಾನ ಮಾಡಿದ್ದನ್ನು ನಾನು ಮೂರೇ ದಿನದಲ್ಲಿ ಕಳೆದೆ. ಹೇಳಿದಾಗ ಅಪ್ಪ ನಕ್ಕರು. "ನಾನು ಆರಿಸಿದ್ದೆಲ್ಲ ಓಡ್ತಿತ್ತು ಅಂದ್ಕೊಂಡಿದ್ದೀಯಾ? ಒಂದು ಸಲ ಬರೀ ನೀವಿಬ್ರು ಮಕ್ಕಳೇ ಕೂತು ನೋಡಿದ್ರಿ. ಇಡೀ ವಾರ." ಆ ವಾರ ನೆನಪಿದೆ. ನಾನೂ ತಂಗಿಯೂ ದಿನಾ ಬೇರೆ ಬೇರೆ ಸೀಟಿನಲ್ಲಿ ಕೂತಿದ್ದೆವು. ಅದು ಸೋತ ಸಿನಿಮಾ ಎಂದು ಇವತ್ತೇ ಗೊತ್ತಾಗಿದ್ದು.

ಅಳು ಬಂತು. ಹಲ್ಲುನೋವು ಎಂದೆ. ಅದೂ ಇತ್ತು.

ಮಾರ್ಚ್ ೧೧, ಮಂಗಳವಾರ. ಸಂಜೆ ೫.೩೦

ಮೊದಲಿನಿಂದ ಬರೆಯಬೇಕು. ಕೆನ್ನೆ ಬನ್ ಆಗಿದೆ, ಆದರೂ ಬರೆಯಬೇಕು.

ಬೆಳಿಗ್ಗೆ ಹಲ್ಲು ತಡೆಯಲಾಗಲಿಲ್ಲ. ಡಾಕ್ಟರು ಎರಡು ಗಂಟೆಗೆ ಬನ್ನಿ ಎಂದರು. ಎರಡೂವರೆ ಶೋಗೆ ಯಾರು? ಮಷೀನು ಗೊತ್ತಿರುವುದು ನನ್ನನ್ನು ಬಿಟ್ಟರೆ ತಂಗಿಗೆ. ಮಾತು ಬಿಟ್ಟವಳ ಮುಂದೆ ಕೆನ್ನೆ ಹಿಡಿದುಕೊಂಡು ನಿಂತೆ. ಒಂದು ನಿಮಿಷ ನೋಡಿದಳು. "ಹೋಗು. ಐವತ್ತಾರು ನಿಮಿಷಕ್ಕೆ ಬಟನ್ ಒತ್ತಬೇಕು, ಲೈಟ್ ಹಾಕಬೇಕು. ಗೊತ್ತು. ಹೋಗೇ." ಕ್ಯಾಂಟೀನಿಗೆ ಅಪ್ಪನನ್ನು ಕೂರಿಸಿದಳು.

ಹಲ್ಲು ಕಿತ್ತು ಹೊಲಿಗೆ ಹಾಕಿದರು. ಬಾಯಿ ತುಂಬ ಹತ್ತಿ ಇಟ್ಟುಕೊಂಡು ವಾಪಸ್ ಬರುವಾಗ ಮೂರು ಐವತ್ತು. ಗೇಟಿನ ಹತ್ತಿರ ಬರುತ್ತೇನೆ, ಹಾಲ್ ಒಳಗಿಂದ ಒಂದೇ ಸಲ ಕೂಗು. ಬೆಂಕಿಯೇ ಇರಬೇಕು ಅಂದುಕೊಂಡೆ.

ಬೆಂಕಿಯಲ್ಲ, ಇಂಟರ್ವಲ್.

ನಮ್ಮ ತಂಗಿ ಐವತ್ತಾರನೇ ನಿಮಿಷಕ್ಕೆ ಒತ್ತೇ ಇಲ್ಲ. ಮರೆತಿದ್ದಾಳೆ. ಸಿನಿಮಾ ನೋಡುತ್ತಾ ಕೂತಿದ್ದಾಳೆ. ಒಂದು ಗಂಟೆ ಹತ್ತೊಂಬತ್ತನೇ ನಿಮಿಷಕ್ಕೆ ಸೇತುವೆ ಕುಸಿಯುತ್ತದೆ, ಮೇಲೆ ಜನ ತುಂಬಿರುತ್ತಾರೆ, ಆಕೆ ಕೈಯಲ್ಲಿದ್ದ ಬೆಡ್‌ಶೀಟ್ ಕೆಳಗಿಟ್ಟು, ಮಂಡಿ ಹಿಡಿದುಕೊಂಡು ಇಳಿದು, ಸೇತುವೆಯ ಕೆಳಗೆ ಅಂಗೈ ಕೊಡುತ್ತಾಳೆ — ಆಗ ಇವಳಿಗೆ ಇಂಟರ್ವಲ್ ನೆನಪಾಗಿದೆ. ಗಾಬರಿಯಲ್ಲಿ ಒತ್ತಿದ್ದಾಳೆ. ಅಂಗೈ ಸೇತುವೆಗೆ ತಾಗುವುದಕ್ಕೆ ಒಂದಿಂಚು ಇರುವಾಗ ಸಿನಿಮಾ ನಿಂತಿದೆ.

ಜನ ಎದ್ದರು, ಆದರೆ ಮನೆಗೆ ಹೋಗಲು ಅಲ್ಲ. ಪ್ರೊಜೆಕ್ಟರ್ ರೂಮಿನ ಕಡೆ ತಿರುಗಿ "ಹಾಕ್ರೀ, ಹಾಕ್ರೀ" ಎಂದು ಕೂಗುತ್ತಿದ್ದರು. ಕ್ಯಾಂಟೀನಿಗೆ ಬಂದವರು ಪಾಪ್‌ಕಾರ್ನ್ ಪೊಟ್ಟಣ ಕಿತ್ತುಕೊಂಡು ಓಡಿದರು. ಟಾಯ್ಲೆಟ್ಟಿನ ಕ್ಯೂನಲ್ಲಿದ್ದ ಒಬ್ಬರು ಮನಸ್ಸು ಬದಲಾಯಿಸಿ ಹಾಗೇ ಒಳಗೆ ಹೋದರು. ಐದೇ ನಿಮಿಷದಲ್ಲಿ ಎಲ್ಲಾ ಸೀಟಿನಲ್ಲಿ.

ಅಪ್ಪ ಕ್ಯಾಂಟೀನಿನಿಂದ ಹೇಳಿದರು, "ಈಗ ಕೂತ ಸದ್ದು ಕೇಳ್ತು."

ಮೇಲೆ ಹೋದೆ. ತಂಗಿ ಸ್ಟೂಲ್ ಮೇಲೆ, ಪಕ್ಕದಲ್ಲಿ ತಣ್ಣಗಾದ ಟೀ. ನನ್ನನ್ನು ನೋಡಿ ಮುಖ ಗಂಟು ಹಾಕಿದಳು. "ಬೈಬೇಡ. ನಿದ್ದೆ ಬಂದಿತ್ತು."

ಕಣ್ಣು ಕೆಂಪಗಿತ್ತು. ನಿದ್ದೆಯಿಂದ ಹಾಗಾಗುವುದಿಲ್ಲ. ಬಾಯಲ್ಲಿ ಹತ್ತಿ ಇದ್ದದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಅಂದುಬಿಡುತ್ತಿದ್ದೆ. ಇಬ್ಬರೂ ಆ ಸಣ್ಣ ಕಿಟಕಿಗೆ ತಲೆ ತಾಗಿಸಿ ಉಳಿದದ್ದನ್ನು ನೋಡಿದೆವು.

ನಾನು ಈ ಸಿನಿಮಾವನ್ನು ಪ್ರೀತಿಸುತ್ತೇನೆ ಎಂಬ ಜಂಬ ನನಗೆ. ಜನರಿಗೆ ತಾಳ್ಮೆಯಿಲ್ಲ ಎಂದು ಐದು ದಿನ ಬೈದೆ. ಗಡಿಯಾರ ನೋಡಿ ಅದನ್ನು ತಪ್ಪು ಜಾಗದಲ್ಲಿ ತುಂಡು ಮಾಡಿದವಳು ನಾನು. ಸರಿಯಾದ ಜಾಗ ಹುಡುಕಿದ್ದು ಅದನ್ನು ಬೈಯುತ್ತಿದ್ದವಳು, ಅದೂ ಮೈಮರೆತು. ನಾಚಿಕೆಯಾಯಿತು. ನಗುವೂ ಬಂತು, ಹೊಲಿಗೆ ಎಳೆಯಿತು.

ಆರು ಗಂಟೆ ಶೋಗೂ ಅಲ್ಲೇ ಬಿಡುತ್ತೇನೆ. ಒಂದು ಗಂಟೆ ಹತ್ತೊಂಬತ್ತು ನಿಮಿಷ. ಗೋಡೆಯ ಮೇಲೆ ಚಾಕ್‌ಪೀಸಿನಲ್ಲಿ ಬರೆದಿಟ್ಟೆ.

ಮಾರ್ಚ್ ೧೨, ಬುಧವಾರ. ಸಂಜೆ ೪.೫೦

ಮಧ್ಯಾಹ್ನದ ಶೋಗೆ ಕೆಳಗೆ ಮುಕ್ಕಾಲು ಹಾಲ್ ಭರ್ತಿ. ಬುಧವಾರ. ನಂಬಲು ಎರಡು ಸಲ ಕಿಟಕಿಯಿಂದ ನೋಡಿದೆ. ಶುಕ್ರವಾರ ಅರ್ಧಕ್ಕೆ ಹೋದವರು, ನಿನ್ನೆ ನೋಡಿದವರ ಮಾತು ಕೇಳಿ, "ಸೇತುವೆ ಏನಾಯ್ತು" ಎಂದು ಕೇಳಿಕೊಂಡು ಬಂದಿದ್ದರು. ಅಪ್ಪ ಅವರನ್ನು ದನಿಯಿಂದಲೇ ಗುರುತು ಹಿಡಿದು "ಬನ್ನಿ ಬನ್ನಿ, ನಿಮ್ಮ ಬಾಕಿ ಅರ್ಧ ಒಳಗಿದೆ" ಎನ್ನುತ್ತಿದ್ದರಂತೆ.

ಟೀ ಬಂತು. ಜೊತೆಗೆ ದೂರು: "ನಿನ್ನ ಇಂಟರ್ವಲ್‌ನಿಂದ ನನ್ನ ವ್ಯಾಪಾರ ಕೆಡ್ತು. ಅರ್ಧ ಕಪ್ ಬಿಟ್ಟು ಓಡ್ತಾರೆ."

"ನನ್ನದಲ್ಲ ಕಣೇ, ನಿನ್ನ ಇಂಟರ್ವಲ್ಲು."

"ಹೌದಲ್ಲ." ಯೋಚಿಸಿದಳು. "ಆದ್ರೂ ಒಂದು ಗುದ್ದು ಬೇಕಿತ್ತು."

ಇದು ಬಗೆಹರಿಯುವ ಜಗಳವಲ್ಲ. ಬಗೆಹರಿಯುವುದೂ ಬೇಡ.

ಮಾರ್ಚ್ ೧೩, ಗುರುವಾರ. ಸಂಜೆ ೬.೧೦

ಆರು ಗಂಟೆ ಶೋ ಈಗ ಶುರುವಾಗಿದೆ. ಮಧ್ಯಾಹ್ನದ್ದನ್ನು ಬರೆಯಬೇಕು.

ಡ್ರಿಲ್ ಮೇಷ್ಟ್ರು ಬಂದರು. ಶಾಲೆಯ ಹುಡುಗರೆಲ್ಲ ಮೈದಾನದಲ್ಲಿ ಬೆಂಚು ಎತ್ತಿ ಹಿಡಿದು ನಿಲ್ಲುತ್ತಿದ್ದಾರಂತೆ, ಯಾಕೆ ಎಂದು ನೋಡಲು ಬಂದೆ ಎಂದರು. ಮುಂದಿನ ಸಾಲು, ಅವರದೇ ಸೀಟು. "ಜಾಗ ಇಲ್ಲದಿದ್ರೆ ಮತ್ತೆ ಬರ್ತೀನಿ, ಕೇಳೋಕೆ" ಎಂದು ಹೆದರಿಸಿಯೇ ಒಳಗೆ ಹೋದರು.

ಕೊನೆಯ ಭಾಗ. ಆಕೆ ಸೇತುವೆ ಹೊತ್ತು ನಿಂತಿದ್ದಾಳೆ. ಮ್ಯೂಸಿಕ್ ಇಲ್ಲ. ಜನ ಒಬ್ಬೊಬ್ಬರೇ ದಾಟುತ್ತಾರೆ. ಮುದುಕರು, ಗಾಡಿ ತಳ್ಳುವವರು, ಒಂದು ನಾಯಿ. ಕೊನೆಗೆ ಉಳಿಯುವವನು ಅದನ್ನು ಬೀಳಿಸಿದ ಇಂಜಿನಿಯರ್. ಹೆದರಿ ನಡುವೆ ಕೂತುಬಿಟ್ಟಿದ್ದಾನೆ. ಅವನಿಗಾಗಿಯೂ ಆಕೆ ಹಿಡಿದೇ ಇರುತ್ತಾಳೆ. ಅವನು ತೆವಳಿಕೊಂಡು ದಾಟುತ್ತಾನೆ. ಆಗ ಆಕೆ ತಲೆ ಎತ್ತದೆ, ಕೆಳಗಿನಿಂದಲೇ ಕೇಳುತ್ತಾಳೆ:

"ಎಲ್ಲಾ ದಾಟಿದ್ರಾ? ಇಳಿಸ್ಲಾ?"

ಸಿನಿಮಾದೊಳಗೆ ಯಾರೂ ಉತ್ತರ ಕೊಡುವುದಿಲ್ಲ. ನಮ್ಮ ಹಾಲ್ ಕೊಟ್ಟಿತು. ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ, "ಇಳಿಸಮ್ಮ, ಸಾಕು." ಆಮೇಲೆ ಎಲ್ಲರೂ, "ಇಳಿಸಮ್ಮ". ಅದರ ಮೇಲೆ, ಮುಂದಿನ ಸಾಲಿನಿಂದ, ಎರಡು ಬೆರಳಿನದು. ಉದ್ದಕ್ಕೆ. ಉಸಿರು ಮುಗಿಯುವ ತನಕ. ಇಪ್ಪತ್ತು ವರ್ಷದಿಂದ ಕೇಳಿದ್ದೇನೆ, ಇಂಥದ್ದು ಕೇಳಿರಲಿಲ್ಲ.

ಮೇಷ್ಟ್ರು ಹೊರಗೆ ಬಂದು ಕನ್ನಡಕ ಒರೆಸಿಕೊಂಡರು. "ಜಾಗ ಇದೆ" ಎಂದರು. ಅಷ್ಟೇ.

ಐದು ಗಂಟೆಗೆ ಯಜಮಾನರ ಫೋನ್. ಕ್ಯಾಂಟೀನ್ ಕೌಂಟರಿನ ಮೇಲೆ ರಿಂಗಾಗುತ್ತಿತ್ತು. ಅಪ್ಪ ಅಲ್ಲೇ ಇದ್ದರು, ಎತ್ತಲಿಲ್ಲ. ಸ್ಪೀಕರ್ ಹಾಕಿದೆ.

"ಏನಮ್ಮಾ, ಎರಡನೇ ವಾರಕ್ಕೂ ಇದೇ ಇರ್ಲಿ. ಅದರ ಮುಂದಿನ ವಾರಕ್ಕೆ ಯಾವುದು ಅಂತ ಅಪ್ಪನ್ನ ಕೇಳಿ ಹೇಳು."

ಅಪ್ಪನ ಕಡೆ ನೋಡಿದೆ. ಕಪ್ಪು ಕನ್ನಡಕ ತೆಗೆದರು. ಕಣ್ಣು ಚೆನ್ನಾಗಿಯೇ ಇದೆ, ಮೂರು ದಿನದಿಂದ ಚೆನ್ನಾಗಿದೆಯಂತೆ. ಆದರೂ ಫೋನಿಗೆ ಕೈ ಚಾಚಲಿಲ್ಲ. ನನ್ನನ್ನೂ ತಂಗಿಯನ್ನೂ ನೋಡಿದರು.

"ಮೂವತ್ತೊಂದು ವರ್ಷ ಆಯ್ತು. ಇಳಿಸ್ಲಾ?"

ಪಾಪ್‌ಕಾರ್ನ್ ತುಂಬುತ್ತಿದ್ದ ತಂಗಿ ತಲೆ ಎತ್ತದೆ ಹೇಳಿದಳು, "ಇಳಿಸಪ್ಪ. ನಾವಿಬ್ರೂ ಹಿಡ್ಕೊಂಡಿದ್ದೀವಿ."

ಮಾರ್ಚ್ ೧೪, ಶುಕ್ರವಾರ. ಮಧ್ಯಾಹ್ನ ೩.೨೦

ಎರಡನೇ ವಾರ. ಬಾಲ್ಕನಿ ಫುಲ್. ಕೆನ್ನೆ ಇಳಿದಿದೆ. ಜಿ ಸಾಲಿನ ನಾಲ್ಕನೇ ಕುರ್ಚಿಗೆ ಹೊಸ ಸ್ಪ್ರಿಂಗ್ ಹಾಕಿಸಿದೆ. ಅಪ್ಪ ಗೇಟು ಬಿಟ್ಟು ಅದರಲ್ಲೇ ಕೂತು ಸಿನಿಮಾ ನೋಡುತ್ತಿದ್ದಾರೆ. ಮೊದಲ ಸಲ.

ತಂಗಿ ಇಲ್ಲೇ ಪಕ್ಕದ ಸ್ಟೂಲಿನಲ್ಲಿ. ಮುಂದಿನ ಸಿನಿಮಾದ ಪಟ್ಟಿ ನಮ್ಮಿಬ್ಬರ ಮಧ್ಯೆ. ಅವಳದು: ಹನ್ನೆರಡು ಫೈಟು, ಎರಡು ಹೆಲಿಕಾಪ್ಟರ್. ನನ್ನದು: ಕಣ್ಣಿಗೆ ಕಾಣದ ಸೂಪರ್‌ಹೀರೋ, ಸಿನಿಮಾ ಪೂರ್ತಿ ಕಾಣಿಸುವುದೇ ಇಲ್ಲ. "ಹೀರೋ ಕಾಣದ ಸಿನಿಮಾಗೆ ಪೋಸ್ಟರಲ್ಲಿ ಏನು ಹಾಕ್ತೀಯಾ, ಖಾಲಿ ಕುರ್ಚಿನಾ?" ಎನ್ನುತ್ತಾಳೆ. ಒಳ್ಳೆಯ ಐಡಿಯಾ, ಬರೆದುಕೊಂಡೆ. ಮಾತಿಗೆ ಮಾತು ಬೆಳೆದು, ಪೆನ್ನು ಎಷ್ಟೋ ಹೊತ್ತು ಪಕ್ಕಕ್ಕಿಟ್ಟಿದ್ದೆ, ಇಬ್ಬರ ಟೀಯೂ ತಣ್ಣಗಾಗಿದೆ. ನಾನು ಹೇಳಿದೆ, ಜನ ಏನು ಬಯಸುತ್ತಾರೆ ಅನ್ನುವುದು ಜನರಿಗೇ ಮೊದಲೇ ಗೊತ್ತಿರುವುದಿಲ್ಲ. ಅವಳು ಹೇಳಿದಳು, ನಿನಗೆ ಮಾತ್ರ ಗೊತ್ತಿತ್ತೇನೋ. ಅದಕ್ಕೆ ನಾನು ಹೇಳಿದ್ದೇನೆಂದರೆ —

ಕೆಳಗೆ ಯಾಕೋ ಎಲ್ಲಾ ಒಟ್ಟಿಗೆ "ಇಳಿಸಮ್ಮ" ಎನ್ನುತ್ತಿದ್ದಾರೆ. ಇಷ್ಟು ಬೇಗ ಹೇಗೆ? ಇನ್ನೂ ಇಂಟರ್ವಲ್ಲೇ ಬಿಟ್ಟಿಲ್ಲ